ಶಾಫ್ಟಿಗಿಟ್ಟ ಬೊಟ್ಟು

ಸೆಪ್ಟೆಂಬರ್ 10, ಬುಧವಾರ

ದಿನಾ ಒಂದು ಪುಟ ಕೈಯಿಂದ ಬರೆಯಬೇಕಂತೆ. ಮಂಗಳೂರಿನ ಡಾಕ್ಟರ ಅಪ್ಪಣೆ. ಏನು ಬರೆಯಬೇಕೆಂದು ಕೇಳಿದರೆ, "ಎಂತಾದ್ರೂ ಬರೀರಿ ಭಟ್ರೆ, ಬೆರಳಿಗೆ ಅಭ್ಯಾಸ ಆಗ್ಲಿ" ಎಂದರು. ನಮ್ಮ ಕಾಸರಗೋಡಿನ ಬೆಳ್ಳೂರಿನ ಸುತ್ತ ಎಷ್ಟೋ ಮಕ್ಕಳ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸಿದ ಪುರೋಹಿತ ಕೇಶವಪ್ರಸಾದ ಭಟ್ಟನಿಗೆ ಅರವತ್ತಾರನೇ ವಯಸ್ಸಿನಲ್ಲಿ ಕಾಪಿ ಬರೆಯುವ ಯೋಗ. ಬರೆಯೋಣ. ಯಾರೂ ಓದಬೇಕಾಗಿಲ್ಲ. ಓದಲು ಆಗುವ ಹಾಗೆಯೂ ಇಲ್ಲ, ಕೋಳಿ ಕೆರೆದ ಹಾಗಿದೆ.

ಬಲಗೈ ನಡುಗುತ್ತದೆ. ಸುಮ್ಮನಿದ್ದಾಗ ಇಲ್ಲ, ಕೆಲಸಕ್ಕೆ ಎತ್ತಿದಾಗ. ದೊಡ್ಡ ಕಾಯಿಲೆಯೇನೂ ಅಲ್ಲವಂತೆ, ಕೆಲವರಿಗೆ ವಯಸ್ಸಾದ ಮೇಲೆ ಹೀಗಾಗುತ್ತದಂತೆ, ಮಾತ್ರೆಯಲ್ಲಿ ಸ್ವಲ್ಪ ಕಡಿಮೆಯಾದೀತಂತೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಕಾರು ಓಡಿಸುವ ವಿಷಯ ಮಾತ್ರ ನೀವು ಸ್ವಲ್ಪ ಆಲೋಚನೆ ಮಾಡಿ" ಎಂದು ಒಂದು ಬಾಲ ಸೇರಿಸಿದರು. ಪಕ್ಕದಲ್ಲಿ ಮಗ ಕೃಷ್ಣಕುಮಾರ ಕೂತಿದ್ದ. ಅವನಿಗೆ ಅಷ್ಟೇ ಸಾಕಾಯಿತು.

ಬರುವಾಗ ದಾರಿಯಲ್ಲೇ ಶುರು ಮಾಡಿದ. "ಅಪ್ಪ, ಹೇಗೂ ಆ ಅಂಬಾಸಿಡರ್ ಶೆಡ್ಡಲ್ಲಿ ಬಿಚ್ಚಿ ಬಿದ್ದುಕೊಂಡುಂಟು. ಕಲ್ಲಿಕೋಟೆಯಲ್ಲಿ ಒಬ್ರು ಹಳೆ ಕಾರು ತೆಗೊಳ್ತಾರೆ. ನವರಾತ್ರಿ ಕಳೆದು ಬರ್ಲಿಕ್ಕೆ ಹೇಳ್ಲಾ?"

"ಮೊದಲು ನಿನ್ನ ಬ್ಯಾಂಕಿನ ಕುರ್ಚಿ ಮಾರು" ಎಂದೆ.

ಅವನಿಗೂ ನನ್ನದೇ ಸಿಟ್ಟು. ಆಮೇಲೆ, "ಹಾಗಾದ್ರೆ ಒಂದು ಮಾಡಿ. ಅದನ್ನು ರಿಪೇರಿ ಮಾಡಿಸಿ, ನೀವೇ ಓಡಿಸಿಕೊಂಡು ಮುಳ್ಳೇರಿಯಕ್ಕೆ ಹೋಗಿ ಬನ್ನಿ. ನಾನು ಪಕ್ಕದಲ್ಲಿ ಕೂರ್ತೇನೆ. ಸರಿಯಾಗಿ ಹೋಗಿ ಬಂದ್ರೆ ಮಾರುವ ಮಾತು ಮತ್ತೆ ಎತ್ತುವುದಿಲ್ಲ" ಎಂದ.

ಆಗಲಿ ಎಂದೆ. ಮುಳ್ಳೇರಿಯ ಏನು ಕಾಶಿಯೇ.

ಸೆಪ್ಟೆಂಬರ್ 13, ಶನಿವಾರ

ಪಿತೃಪಕ್ಷ. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಇವತ್ತು ದೇಲಂಪಾಡಿಯ ಆಚೆ ಒಂದು ಮನೆಯಲ್ಲಿ ಶ್ರಾದ್ಧ. ಕಾಡಿನ ದಾರಿ ಎಂದು ಆಟೋದವನು ಒಲ್ಲೆನೆಂದ. ಆ ಮನೆಯ ಅಳಿಯ ಬೈಕ್ ತಂದ. ಮಡಿಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ದರ್ಭೆಯ ಕಟ್ಟು ಕಂಕುಳಲ್ಲಿ ಒತ್ತಿಕೊಂಡು, ಯಾರದ್ದೋ ಅಳಿಯನ ಸೊಂಟ ಹಿಡಿದು ಹೋದೆ. ಹೊಂಡಕ್ಕೊಂದು "ಗಟ್ಟಿ ಹಿಡ್ಕೊಳ್ಳಿ ಭಟ್ರೆ" ಎಂದ. ಇಷ್ಟು ಕಾಲ ಆ ಅಂಗಳಕ್ಕೆ ನನ್ನ ಕಾರು ನಾನೇ ಓಡಿಸಿಕೊಂಡು ಹೋಗಿ ಇಳಿದವನು ನಾನು. ಆ ಕಾಡಿನ ಮನೆಗಳ ಎಷ್ಟು ಬಸುರಿಯರು ಆ ಕಾರಿನಲ್ಲೇ ಆಸ್ಪತ್ರೆಗೆ ಹೋದದ್ದು. ನನಗೆ ಅಳು ಬರುವಷ್ಟು ಬೇಸರವಾಯಿತು, ಇಲ್ಲಿ ಬರೆದುಕೊಂಡರೆ ಯಾರಿಗೇನು.

ಎಳ್ಳುನೀರು ಬಿಡಿಸುವಾಗ ಕೈ ನಡುಗಿ ಎಲೆಯ ಹೊರಗೆ ಚೆಲ್ಲಿತು. ಎಡಗೈಯಲ್ಲಿ ಮಣಿಕಟ್ಟು ಹಿಡಿದುಕೊಂಡೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ.

ಕಾರಿನ ಅವಸ್ಥೆ ಇಷ್ಟು. ಜುಲೈಯಲ್ಲಿ, ಹೊರಡುವಾಗ ಅಡಿಯಿಂದ ಟಕ್ ಎಂದು ಸದ್ದು ಬರತೊಡಗಿತ್ತು. ಮುಳ್ಳೇರಿಯದ ಮೆಕ್ಯಾನಿಕ್ ಗುಣಪಾಲ ಬಂದು ಮಲಗಿ ನೋಡಿ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿದೆ ಎಂದ. ಗೇರ್ ಬಾಕ್ಸಿನ ತಿರುಗುವಿಕೆಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದದ ಕೊಳವೆ ಅದು. ಎರಡೂ ತುದಿಯಲ್ಲಿ ಎರಡೆರಡು ಕಿವಿ, ಆ ಕಿವಿಗಳ ನಡುವೆ ಒಂದೊಂದು ಕ್ರಾಸ್. ಗುಣಪಾಲ ಶಾಫ್ಟ್ ಇಳಿಸಿ, ಗೋಣಿಯಲ್ಲಿ ಸುತ್ತಿಟ್ಟು, ಮಗಳ ಬಾಣಂತನಕ್ಕೆಂದು ಹೆಂಡತಿಯೊಟ್ಟಿಗೆ ಬಹರೈನಿಗೆ ಹಾರಿದ. ಬೇರೆ ಗ್ಯಾರೇಜಿನವರು, ಅಂಬಾಸಿಡರ್ ಎಂದ ಕೂಡಲೇ "ಅದರ ಸಾಮಾನು ನಾವು ಮುಟ್ಟುವುದಿಲ್ಲ" ಎನ್ನುತ್ತಾರೆ.

ನಾನೇ ಮುಟ್ಟುತ್ತೇನೆ. ಗುಣಪಾಲನ ಹತ್ತಿರ ಬಗ್ಗಿ ನಿಂತು ಎಷ್ಟು ಸಲ ನೋಡಿಲ್ಲ. ಅವನಿಗೆ ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ದನಿ ಕಳಿಸಿದ್ದಾನೆ: "ಭಟ್ರೆ, ಕೊಳವೆಯ ಮುಂದಿನ ತುದಿಯಲ್ಲಿ ಹಲ್ಲು ಉಂಟಲ್ಲ, ಅದರ ಮೇಲೆ ಮುಂದಿನ ಕಿವಿ ಇರುವ ಸ್ಲೀವ್ ಅಂಗಿತೋಳಿನ ಹಾಗೆ ಜಾರಿ ಕೂತ್ಕೊಳ್ತದೆ. ಎರಡಕ್ಕೂ ಒಂದೊಂದು ಕೆಂಪು ಬೊಟ್ಟು ಇಟ್ಟಿದ್ದೇನೆ. ಪೈಂಟ್ ಇರ್ಲಿಲ್ಲ, ನಿಮ್ಮ ಅಮ್ಮನವರ ಹತ್ರ ಕುಂಕುಮ ತೆಗೊಂಡು ಎಣ್ಣೆಯಲ್ಲಿ ಕಲಸಿ ಇಟ್ಟದ್ದು. ಸೇರಿಸುವಾಗ ಬೊಟ್ಟಿಗೆ ಬೊಟ್ಟು ಬರ್ಬೇಕು. ಅದೊಂದು ಮರೀಬೇಡಿ."

ಅಮ್ಮನವರು ಎಂದರೆ ನನ್ನ ಹೆಂಡತಿ ವಸುಮತಿ. ಕುಂಕುಮ ಕೊಟ್ಟದ್ದನ್ನು ನನಗೆ ಹೇಳಿಯೇ ಇರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಹೊಸ ಕ್ರಾಸ್ ಎರಡೂ ಕಾಸರಗೋಡಿನಿಂದ ಬಂದಿವೆ. ಒಂದೊಂದೂ ನಾಲ್ಕು ಕಾಲಿನ ಉಕ್ಕಿನ ತುಂಡು. ಪ್ರತಿ ಕಾಲಿಗೂ ಬೆರಳ ತುದಿಯಷ್ಟು ಬಟ್ಟಲು, ಬಟ್ಟಲ ಒಳಗೆ ಸುತ್ತಲೂ ನಿಲ್ಲಿಸಿದ ಸೂಜಿಯಂತಹ ಕಡ್ಡಿಗಳು. ಒಂದು ಸೂಜಿ ಅಡ್ಡ ಬಿದ್ದರೂ ಬಟ್ಟಲು ಕೂರುವುದಿಲ್ಲ.

ಶೆಡ್ಡಿನಲ್ಲಿ ಮಣೆ ಹಾಕಿ ಕೂತೆ. ಒಂದು ಸೂಜಿ ನಿಲ್ಲಿಸಿದರೆ ಇನ್ನೊಂದು ಬೀಳುತ್ತದೆ, ಅದನ್ನು ಎತ್ತಲು ಹೋದರೆ ಮೊದಲಿನದ್ದೂ ಬೀಳುತ್ತದೆ. ಕೊನೆಗೆ ಕೈ ಒಮ್ಮೆ ಜೋರಾಗಿ ನಡುಗಿ ಬಟ್ಟಲೇ ಮಗುಚಿತು. ಸೂಜಿಗಳೆಲ್ಲ ಮಣ್ಣುಪಾಲು. ಸಿಟ್ಟಿನಲ್ಲಿ ಮಣೆಗೆ ಒದ್ದೆ. ನೋವಾದದ್ದು ಕಾಲಿಗೆ.

ಬಟ್ಟೆ ಒಣಗಿಸಲು ಬಂದ ಸೊಸೆ ಬಾಗಿಲಲ್ಲಿ ನಿಂತಿದ್ದಳು. ನೋಡಿದಳೋ ಇಲ್ಲವೋ ಗೊತ್ತಿಲ್ಲ. ಒಳಗೆ ಹೋಗಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮಾವಿನಹಣ್ಣಿನ ಗೊಂಬೆ ತಂದಳು. ಅದರ ಬೆನ್ನಿನ ಆಯಸ್ಕಾಂತವನ್ನು ಮಣ್ಣಿನ ಮೇಲೆ ಆಡಿಸಿದಳು. ಸೂಜಿಗಳೆಲ್ಲ ಬಂದು ಅಂಟಿದವು.

"ಮಾವ, ಬಟ್ಟಲಿಗೆ ಮೊದಲು ಗ್ರೀಸ್ ದಪ್ಪ ಹಚ್ಚಿದ್ರೆ ಸೂಜಿ ಬೀಳ್ಲಿಕ್ಕಿಲ್ಲ ಅಲ್ವಾ?"

"ನನಗೆ ಗೊತ್ತುಂಟು" ಎಂದೆ. ಗೊತ್ತಿರಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಸೊಸೆಗೆ ಮುಳ್ಳೇರಿಯದ ಅಕ್ಷಯ ಕೇಂದ್ರದಲ್ಲಿ ಕೆಲಸ. ಊರಿನವರ ಅರ್ಜಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವುದು. ಸಂಜೆ ಬಂದವಳು ಚಾ ಕುಡಿದು ಸೀದಾ ಶೆಡ್ಡಿಗೆ ಬಂದಳು. ನಾನು ಕರೆದಿರಲಿಲ್ಲ. ಬೇಡವೆಂದೂ ಹೇಳಲಿಲ್ಲ.

ಗ್ರೀಸ್ ಹಚ್ಚಿ ಸೂಜಿ ನಿಲ್ಲಿಸಿದಳು. ಒಂದೂ ಬೀಳಲಿಲ್ಲ. ವಿಟ್ಲದಲ್ಲಿ ಇವಳ ಅಪ್ಪನಿಗೆ ಅಕ್ಕಿ ಮಿಲ್ಲು ಇತ್ತಂತೆ, ಸಣ್ಣವಳಿದ್ದಾಗ ಯಂತ್ರಕ್ಕೆ ಎಣ್ಣೆ ಬಿಡುವುದು ಇವಳದೇ ಕೆಲಸವಂತೆ. ಮದುವೆಯಾಗಿ ನಾಲ್ಕು ವರ್ಷವಾಯಿತು, ಈ ಮಾತು ನನಗೆ ಇವತ್ತು ಗೊತ್ತಾದದ್ದು. ನಾನು ಕೇಳಿದ್ದಿದ್ದರೆ ತಾನೆ.

ಒಂದು ಬದಿಯ ಕ್ರಾಸ್ ನಾನು ಕೂರಿಸಿದೆ. ಅಂದರೆ ಹೇಳಿಕೊಟ್ಟದ್ದು ನಾನು.

ಸೆಪ್ಟೆಂಬರ್ 20, ಶನಿವಾರ

ಇನ್ನೊಂದು ಬದಿಯದ್ದೂ ಆಯಿತು. ನಾವು ಬಟ್ಟಲನ್ನು ವೈಸಿನ ದವಡೆಯಲ್ಲಿ ಒತ್ತಿ ಕೂರಿಸಿ ಕ್ಲಿಪ್ ಹಾಕಿದೆವು. ಸೊಸೆ ರಂಜಿನಿ ಎರಡು ಬೆರಳಲ್ಲಿ ಕ್ರಾಸ್ ತಿರುಗಿಸಿ, "ಬೆಣ್ಣೆಯ ಹಾಗೆ ಹೋಗ್ತದೆ ಮಾವ" ಎಂದಳು.

ವಸುಮತಿ ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡಳು. "ಪೌರೋಹಿತ್ಯದವರಿಗೆ ಈ ವಾಸನೆ ಎಂತಕ್ಕೆ ಬೇಕಿತ್ತು? ನಾಳೆ ಅಮಾವಾಸ್ಯೆಗೆ ಪಿಂಡದಲ್ಲಿ ಗ್ರೀಸ್ ಬಂದೀತು" ಎಂದಳು. ನನ್ನ ಕೈ ನೋಡುತ್ತಿದ್ದಳು. ಹಿಂದೆ ಕಟ್ಟಿಕೊಂಡೆ.

ಸೆಪ್ಟೆಂಬರ್ 28, ಭಾನುವಾರ

ನವರಾತ್ರಿಯ ಗಡಿಬಿಡಿ. ಶಾಫ್ಟ್ ಎತ್ತಿ ಕಟ್ಟುವುದು ಮಾತ್ರ ಬಾಕಿ, ಆದರೆ ರಂಜಿನಿ ತವರಿಗೆ ಹೋಗಿದ್ದಾಳೆ. ಒಬ್ಬನೇ ಎತ್ತಲು ಆಗಲಿಲ್ಲ. ಎತ್ತಿ ನೋಡಿದೆ, ಇಳಿಸಿದೆ.

ಅಕ್ಟೋಬರ್ 1, ಬುಧವಾರ, ಮಹಾನವಮಿ

ಆಯುಧಪೂಜೆ ಈ ಸಲ ನನಗೆ ತೃಪ್ತಿಯಾಗುವ ಹಾಗೆ ಆಯಿತು. ಹೋದ ವರ್ಷ ಕತ್ತಿ, ಗುದ್ದಲಿ, ಮಿಕ್ಸಿ ಇಟ್ಟು ಮುಗಿಸಿದ್ದೆವು. ಈ ಸಲ ಬಾಳೆಯೆಲೆ ಹಾಸಿ ಶಾಫ್ಟನ್ನೇ ಇಟ್ಟೆ. ಪಕ್ಕದಲ್ಲಿ ಸ್ಲೀವ್, ಸ್ಪ್ಯಾನರುಗಳು, ಜಾಕ್, ಬೋಲ್ಟುಗಳು. ಮಡಿಯಲ್ಲದ್ದನ್ನು ದೇವರ ಮುಂದೆ ಇಡುವುದು ಹೇಗೆ. ಬೆಳಿಗ್ಗೆ ಎಲ್ಲವನ್ನೂ ಡೀಸೆಲಿನಲ್ಲಿ ಮೀಯಿಸಿ, ಹಳೆಯ ಜಿಡ್ಡು ಒಂದು ಚೂರೂ ಉಳಿಯದಂತೆ ಒರೆಸಿದೆ. ಬೆಳ್ಳಿಯ ಹಾಗೆ ಹೊಳೆಯಿತು. ಆಮೇಲೆ ಗಂಧ, ಅದರ ಮೇಲೆ ಕುಂಕುಮ. ಸ್ಪ್ಯಾನರಿಗೊಂದು, ಬೋಲ್ಟಿಗೊಂದು, ಶಾಫ್ಟಿಗೆ ತುದಿಯಿಂದ ತುದಿಗೆ ಸಾಲಾಗಿ, ಸ್ಲೀವಿನ ಸುತ್ತಲೂ.

ವಸುಮತಿ ನೋಡಿ, "ಮದುಮಗಳಿಗೂ ಇಷ್ಟು ಬೊಟ್ಟು ಇಡುವುದಿಲ್ಲ" ಎಂದಳು.

ಪೂಜೆಗೆ ಇಟ್ಟ ಹತಾರವನ್ನು ನಾಳೆ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. ಸಂಜೆ ತವರಿನಿಂದ ಬಂದ ರಂಜಿನಿ ದೂರದಿಂದಲೇ ನಮಸ್ಕಾರ ಮಾಡಿದಳು.

ಅಕ್ಟೋಬರ್ 2, ಗುರುವಾರ, ವಿಜಯದಶಮಿ

ದೇವಸ್ಥಾನದಲ್ಲಿ ಮಕ್ಕಳ ಅಕ್ಷರಾಭ್ಯಾಸ. ಒಬ್ಬೊಬ್ಬರನ್ನಾಗಿ ತೊಡೆಯ ಮೇಲೆ ಕೂರಿಸಿಕೊಂಡು ಬೆರಳು ಹಿಡಿದು ಬರೆಸಿದೆ. ಕಿನ್ನಿ ಎಂದು ಕರೆಯುವ ಒಂದು ಸಣ್ಣ ಹುಡುಗಿ, ಬರೆಯುತ್ತಾ ಬರೆಯುತ್ತಾ ತಿರುಗಿ ನನ್ನ ಮುಖ ನೋಡಿ ಹೇಳಿದಳು:

"ಅಜ್ಜ, ನನ್ನ ಕೈ ಅಲ್ಲಾಡಿಸ್ಬೇಡಿ. ನಾನೇ ಬರೀತೇನೆ."

ಅವಳ ಅಮ್ಮ ಮಗುವಿನ ಬಾಯಿ ಮುಚ್ಚಿದಳು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ.

ಅಕ್ಟೋಬರ್ 4, ಶನಿವಾರ

ಶಾಫ್ಟ್ ಕೂತಿತು.

ರಂಜಿನಿ ಚಾ ತರಲು ಒಳಗೆ ಹೋದಾಗ ಸ್ಲೀವನ್ನು ನಾನೇ ಹಲ್ಲಿನ ಮೇಲೆ ಜಾರಿಸಿ ಕೂರಿಸಿದೆ. ಅದಕ್ಕೆ ಸೂಜಿಯ ಸೂಕ್ಷ್ಮವೇನೂ ಬೇಡ, ಬಲ ಸಾಕು. ಒಂದು ಕೆಲಸವಾದರೂ ಪೂರ್ತಿ ನನ್ನ ಕೈಯಿಂದ ಆಗಬೇಕಿತ್ತು. ಗುಣಪಾಲ ಹೇಳಿದಂತೆಯೇ ಬೊಟ್ಟಿಗೆ ಬೊಟ್ಟು ಸರಿಯಾಗಿ ಹೊಂದಿಸಿದ್ದೇನೆ.

ಆಮೇಲೆ ಕಾರಿನ ಹಿಂಭಾಗವನ್ನು ಜಾಕಿನಲ್ಲಿ ಎತ್ತಿ ಮುರಕಲ್ಲಿನ ಮೇಲೆ ನಿಲ್ಲಿಸಿದೆವು. ಹಳೆಯ ಚೂಡಿದಾರ ಹಾಕಿಕೊಂಡು ರಂಜಿನಿ ಕಾರಿನ ಅಡಿಗೆ ಹೋದಳು. ನಾನು ಬದಿಯಿಂದ ಶಾಫ್ಟಿಗೆ ಹೆಗಲು ಕೊಟ್ಟೆ. ಹಿಂದೆ ನಾಲ್ಕು ಬೋಲ್ಟು, ಮುಂದೆ ನಾಲ್ಕು. ಕೆಳಗಿನಿಂದ "ಹದಿನಾಲ್ಕರ ಸ್ಪ್ಯಾನರ್ ಕೊಡಿ ಮಾವ", "ಸ್ವಲ್ಪ ಎತ್ತಿ ಮಾವ", "ಮಾವ, ನಿಮ್ಮ ಕಾಲು ನನ್ನ ಜಡೆಯ ಮೇಲೆ ಉಂಟು". ನಕ್ಕೂ ನಕ್ಕೂ ಸಾಕಾಯಿತು. ಮಗ ಬಂದು ನೋಡಿ ಹೋದ. ಅವನ ಹೆಂಡತಿಯ ಮುಖ ಪೂರ್ತಿ ಕಪ್ಪು.

ನಾಳೆ ಓಡಿಸುತ್ತೇನೆ. ಮಗ ಕೂರುವ ಮೊದಲು ಒಬ್ಬನೇ ಒಂದು ಸುತ್ತು.

ಅಕ್ಟೋಬರ್ 5, ಭಾನುವಾರ

ಟಾರು ರಸ್ತೆಯವರೆಗೆ ಏನೂ ತೊಂದರೆಯಿರಲಿಲ್ಲ. ಟಕ್ ಎನ್ನುವ ಸದ್ದು ಹೋಗಿತ್ತು. ಗೇರು ಬದಲಿಸಿ ವೇಗ ಕೊಟ್ಟೆ. ನಲವತ್ತು ದಾಟುವಾಗ ಸ್ಟಿಯರಿಂಗಿನ ಮೇಲೆ ಕೈ ನಡುಗತೊಡಗಿತು. ನಿಧಾನ ಮಾಡಿದೆ, ನಿಂತಿತು. ಮತ್ತೆ ವೇಗ, ಮತ್ತೆ ನಡುಕ. ಬಲಗೈ ಮಾತ್ರವಲ್ಲ, ಎಡಗೈಯೂ. ಮೊಣಕೈಗೆ ಏರಿತು, ಭುಜಕ್ಕೆ ಏರಿತು, ಬೆನ್ನಿಗೂ ಬಂತು. ಇದು ಇಷ್ಟು ಬೇಗ ಮೈಯೆಲ್ಲ ಹತ್ತೀತು ಎಂದು ಡಾಕ್ಟರು ಹೇಳಿರಲಿಲ್ಲ.

ಅರ್ಧ ದಾರಿಯಲ್ಲಿ ತಿರುಗಿಸಿ ಬಂದೆ.

ಅಕ್ಟೋಬರ್ 6, ಸೋಮವಾರ

ಕಲ್ಲಿಕೋಟೆಯವನಿಗೆ ಬರಲು ಹೇಳು ಎಂದು ಮಗನಿಗೆ ಹೇಳಿದೆ.

ಅಕ್ಟೋಬರ್ 7, ಮಂಗಳವಾರ

ಭಾನುವಾರ ಬರುತ್ತಾನಂತೆ. ಮಗ ಗೆದ್ದವನ ಹಾಗೆ ಮಾಡಲಿಲ್ಲ. "ಅಪ್ಪ, ನೀವು ಹೇಳುವುದಾದ್ರೆ ಬೇಡ ಅಂತ ಹೇಳ್ತೇನೆ" ಎಂದ. ಅದು ಇನ್ನೂ ಕಷ್ಟ. ಬೈದಿದ್ದರೆ ಹಿಂದಕ್ಕೆ ಬೈಯಬಹುದಿತ್ತು.

ರಂಜಿನಿ ನನ್ನ ಹತ್ತಿರ ಮಾತಾಡಲಿಲ್ಲ. ಅವಳಿಗೆ ಸಿಟ್ಟು ಬರಲು ಹಕ್ಕಿದೆ, ಕಾರಿನ ಅಡಿಗೆ ಹೋಗಿ ಮಲಗಿದವಳು ಅವಳು.

ಅಕ್ಟೋಬರ್ 8, ಬುಧವಾರ

ಇವತ್ತು ಪುಟ ಸಾಕಾಗಲಿಕ್ಕಿಲ್ಲ.

ಸಂಜೆ ರಂಜಿನಿ ಬಂದು, "ಮಾವ, ಕೊಡುವ ಮೊದಲು ಒಂದು ಸಲ ನಾನು ಓಡಿಸ್ಲಾ?" ಎಂದಳು. ಅವಳಿಗೆ ಲೈಸೆನ್ಸ್ ಇದೆ, ಗಂಡನ ಸಣ್ಣ ಕಾರು ಓಡಿಸುತ್ತಾಳೆ. ಸ್ಟಿಯರಿಂಗಿನ ಬದಿಯಲ್ಲಿರುವ ಗೇರು ಹೇಗೆ ಎಂದು ತೋರಿಸಿ ಕೀ ಕೊಟ್ಟೆ. ಜೊತೆಗೆ ಹೋಗಲು ಮನಸ್ಸಾಗಲಿಲ್ಲ. ಜಗಲಿಯಲ್ಲಿ ಕೂತೆ.

ಬೇಗ ಬಂದಳು. ಇಳಿದವಳ ಹುಬ್ಬು ಗಂಟಿಕ್ಕಿತ್ತು.

"ಮಾವ, ಕಾರು ನಡುಗ್ತದೆ."

"ಎಲ್ಲಿ?"

"ಎಲ್ಲಿ ಅಂದ್ರೆ, ಇಡೀ ಕಾರು. ಸೀಟಿನ ಅಡಿಯಿಂದ ಬರ್ತದೆ. ನಲವತ್ತು ದಾಟಿದ್ರೆ ಕೈ, ಬೆನ್ನು ಎಲ್ಲ ಗಡಗಡ. ನಿಮಗೆ ಮೊನ್ನೆ ಗೊತ್ತಾಗ್ಲಿಲ್ವಾ?"

ಜಗಲಿಯಿಂದ ಎದ್ದು ಅಂಗಳಕ್ಕೆ ಇಳಿದೆ. ಆಮೇಲೆ ಪಂಚೆ ಎತ್ತಿ ಕಟ್ಟಿ, "ನಡಿ ಮಗಳೇ, ಇನ್ನೊಂದು ಸಲ ಹೋಗುವ" ಎಂದು ಎಡಗಡೆಯ ಸೀಟಿನಲ್ಲಿ ಕೂತೆ. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ, ಕಾರಿನ ಯಾವುದನ್ನೂ ಮುಟ್ಟಬಾರದೆಂದು. ರಸ್ತೆಗೆ ಹೋಗಿ ಅವಳು ವೇಗ ಕೊಟ್ಟಳು. ಸೀಟು ನಡುಗಿತು. ಕಿಟಕಿಯ ಗಾಜು ನಡುಗಿತು. ಡ್ಯಾಶ್‌ಬೋರ್ಡಿನ ಮೇಲಿನ ಸಣ್ಣ ಗಣಪತಿ ಹೌದು ಹೌದು ಎಂದು ತಲೆ ಅಲ್ಲಾಡಿಸುತ್ತಿದ್ದ.

ನನಗೆ ನಗು ಬಂತು. ನಿಲ್ಲಿಸಲು ಆಗಲಿಲ್ಲ, ಕಣ್ಣಿನಿಂದ ನೀರು ಬಂದರೂ ನಗುತ್ತಲೇ ಇದ್ದೆ. ಅವಳು ಹೆದರಿ ಕಾರನ್ನು ಬದಿಗೆ ಹಾಕಿದಳು.

"ಎಂತಾಯ್ತು ಮಾವ?"

"ಹಾಳಾದದ್ದು ಕಾರು" ಎಂದೆ. "ಕಾರು ಮಾತ್ರ."

ಅವಳಿಗೆ ಅರ್ಥವಾಯಿತೋ ಇಲ್ಲವೋ, ಟಿಶ್ಯೂ ಕಾಗದ ಕೊಟ್ಟಳು. ಮೂರು ದಿನದಿಂದ ನನ್ನನ್ನು ನಾನೇ ಮೂಲೆಗೆ ಹಾಕಿಕೊಂಡು ಕೂತಿದ್ದೆ. ಇಷ್ಟು ಸಂತೋಷ ಯಾವ ಕಾಲದಲ್ಲಿ ಆಗಿತ್ತು ಎಂದು ನೆನಪಾಗುವುದಿಲ್ಲ.

ಮನೆಗೆ ಬಂದು ಕಾರನ್ನು ಮತ್ತೆ ಕಲ್ಲಿನ ಮೇಲೆ ಎತ್ತಿದೆವು. ರಂಜಿನಿ ಟಾರ್ಚ್ ಹಿಡಿದು ಅಡಿಗೆ ಹೋದಳು. ಶಾಫ್ಟಿನ ಉದ್ದಕ್ಕೂ ಬೆಳಕು ಆಡಿತು.

"ಮಾವ, ಹಿಂದಿನ ಕಿವಿ ನೆಟ್ಟಗೆ ಉಂಟು, ಮುಂದಿನ ಕಿವಿ ಓರೆ ಉಂಟು. ಎರಡೂ ಒಂದೇ ರೀತಿ ನಿಲ್ಬೇಕಲ್ವಾ? ಸ್ಲೀವ್ ಕೂರಿಸುವಾಗ ಬೊಟ್ಟು ನೋಡಿದ್ರಾ?"

"ನೋಡದೆ? ಬೊಟ್ಟಿಗೆ ಬೊಟ್ಟು ಕೂರಿಸಿದ್ದು."

"ಯಾವ ಬೊಟ್ಟು? ಇಲ್ಲಿ ಸುತ್ತಲೂ ಬೊಟ್ಟು ಉಂಟು."

ನಾನೂ ಬಗ್ಗಿ ನೋಡಿದೆ.

"ಮಾವ, ಪೂಜೆಗೆ ಇಡುವಾಗ ಇದನ್ನು ತೊಳೆದ್ರಾ?"

"ತೊಳೆಯದೆ ಇಡುವುದು ಹೇಗೆ ಮಾರಾಯ್ತಿ, ಅದು ಪೂಜೆ."

ಕಾರಿನ ಅಡಿಯಿಂದ ಅವಳು ನಗುವುದು ಕೇಳಿತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದೆ. ಅಡುಗೆಮನೆಯಿಂದ ವಸುಮತಿ ಬಂದು ವಿಷಯ ಕೇಳಿ, "ಮದುಮಗಳಿಗೂ ಇಷ್ಟು ಬೊಟ್ಟು ಇಡುವುದಿಲ್ಲ ಅಂತ ನಾನು ಅವತ್ತೇ ಹೇಳಿದ್ದೇನೆ" ಎಂದಳು. ಹೇಳಿದ್ದು ಹೌದು.

ಅಕ್ಟೋಬರ್ 11, ಶನಿವಾರ

ಶಾಫ್ಟ್ ಪುನಃ ಇಳಿಸಿದೆವು. ಗುಣಪಾಲನ ಬೊಟ್ಟು ಡೀಸೆಲಿನಲ್ಲಿ ಹೋದದ್ದು ಹೋಯಿತು. ಈಗ ಎರಡು ತುದಿಯ ಕಿವಿಗಳನ್ನು ಒಂದೇ ನೇರಕ್ಕೆ ತರಬೇಕು. ಒಂದು ಹಲ್ಲು ಆಚೀಚೆಯಾದರೂ ಮತ್ತೆ ನಡುಕ. ರಂಜಿನಿ ಒಂದು ಕಣ್ಣು ಮುಚ್ಚಿ ನೋಡಿದಳು, ತಲೆ ಓರೆ ಮಾಡಿ ನೋಡಿದಳು. "ಅಂದಾಜಿಗೆ ಸರಿ ಕಾಣ್ತದೆ" ಎಂದಳು.

ಅಂದಾಜಿಗೆ ಮಂಡಲ ಬರೆದರೆ ದೇವರು ಬಂದು ಕೂರುತ್ತಾನೆಯೇ. ದೊಡ್ಡ ಪೂಜೆಗಳಿಗೆ ಮಂಡಲ ಬರೆಯುವ ನೂಲು ತಂದೆ. ಬಾಗಿಲಿನಷ್ಟು ದೊಡ್ಡ ಮಂಡಲದ ಗೆರೆಯೂ ಆ ನೂಲಿನಲ್ಲಿ ಕೂದಲೆಳೆಯಷ್ಟು ತಪ್ಪುವುದಿಲ್ಲ. ಶಾಫ್ಟನ್ನು ಎರಡು ಮಣೆಯ ಮೇಲೆ ಮಲಗಿಸಿ, ಹಿಂದಿನ ಕಿವಿಯ ನಡುವಿನಿಂದ ಮುಂದಿನ ಕಿವಿಯ ನಡುವಿಗೆ ನೂಲು ಎಳೆದೆ. ಕೈ ನಡುಗಿ ನೂಲೂ ನಡುಗಿತು.

"ಈ ತುದಿ ನೀನು ಹಿಡಿ" ಎಂದೆ. ಹಿಡಿದಳು. ಇನ್ನೊಂದು ತುದಿಯನ್ನು ಮಣೆಗೆ ಮೊಳೆ ಹೊಡೆದು ಕಟ್ಟಿದೆವು. ನಾನು ಕೂತು ಕಣ್ಣು ನೆಟ್ಟೆ. ಕೈ ಹೋದರೂ ಕಣ್ಣು ಹೋಗಿಲ್ಲ. ಸ್ಲೀವನ್ನು ತೆಗೆದು ಒಂದು ಹಲ್ಲು ಈಚೆಗೆ, ಮತ್ತೆ ತೆಗೆದು ಇನ್ನೊಂದು ಹಲ್ಲು. ನೂಲು ಎರಡೂ ಕಿವಿಯ ನಟ್ಟನಡುವೆ ನಿಂತಿತು. "ಸಾಕು" ಎಂದೆ.

ರಂಜಿನಿ ತನ್ನ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಕುಪ್ಪಿ ತಂದು ಎರಡಕ್ಕೂ ಗುರುತು ಹಾಕಿದಳು. "ಇದು ಡೀಸೆಲಿಗೆ ಹೋಗುವುದಿಲ್ಲ ಮಾವ. ಬರುವ ವರ್ಷ ಎಷ್ಟು ಬೇಕಾದ್ರೂ ಮೀಯಿಸಿ."

ಅಕ್ಟೋಬರ್ 12, ಭಾನುವಾರ

ಕಲ್ಲಿಕೋಟೆಯವರು ಹತ್ತು ಗಂಟೆಗೇ ಬಂದರು. ಒಳ್ಳೆಯ ಮನುಷ್ಯ. ಕಾರಿನ ಸುತ್ತ ಬಂದು ಪ್ರದಕ್ಷಿಣೆಯ ಹಾಗೆ ನೋಡಿದರು. ಅವರನ್ನು ಜಗಲಿಯಲ್ಲಿ ಕೂರಿಸಿ ವಸುಮತಿ ಚಾ ಕೊಟ್ಟಳು. ನಾನು ಮಗನಿಗೆ, "ಬಾ, ಮುಳ್ಳೇರಿಯಕ್ಕೆ" ಎಂದೆ.

ಐವತ್ತರಲ್ಲೂ ಕಾರು ನಡುಗಲಿಲ್ಲ. ನೀರಿನ ಮೇಲೆ ದೋಣಿ ಹೋದ ಹಾಗೆ ಹೋಯಿತು. ಮುಳ್ಳೇರಿಯದಲ್ಲಿ ತಿರುಗಿಸಿದೆ, ಅಂಗಡಿಯವರು ಕೈ ಬೀಸಿದರು. ಬರುವಾಗ ಏರಿನಲ್ಲಿ ಎದುರಿನ ಬಸ್ಸಿಗೆ ನಿಲ್ಲಿಸಿದವನು ಪುನಃ ಗೇರಿಗೆ ಕೈ ಹಾಕಿದೆ. ಕೈ ನಡುಗಿ ಗೇರು ಬೀಳಲಿಲ್ಲ. ಕಾರು ಒಂದು ಮಾರು ಹಿಂದಕ್ಕೆ ಜಾರಿತು. ಹಿಂದೆ ಒಂದು ಸ್ಕೂಟರು, ಅದರಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡ ಒಬ್ಬಳು. ಎರಡನೇ ಸಲಕ್ಕೆ ಗೇರು ಬಿತ್ತು. ಮಗ ಮೊಬೈಲು ನೋಡುತ್ತಿದ್ದ, ಅವನಿಗೆ ಗೊತ್ತಾಗಲಿಲ್ಲ. ಇವತ್ತು ತಪ್ಪನ್ನು ಕಾರಿನ ಮೇಲೆ ಹಾಕುವಂತಿರಲಿಲ್ಲ.

ಅಂಗಳದಲ್ಲಿ ಇಳಿದು ಮಗ, "ಸರಿ ಅಪ್ಪ. ಮಾತು ಮಾತೇ" ಎಂದ. ನಾನು ಕಲ್ಲಿಕೋಟೆಯವರ ಹತ್ತಿರ ಹೋಗಿ, "ಕೊಡುಕ್ಕುನ್ನಿಲ್ಲ" ಎಂದೆ. ನನ್ನ ಮಲಯಾಳಕ್ಕೆ ನಕ್ಕರು. ಊಟ ಮಾಡಿಯೇ ಹೋದರು.

ಗೆದ್ದೆ. ಪಾಯಸ ಎರಡು ಸಲ ಹಾಕಿಸಿಕೊಂಡೆ. ಆ ಸ್ಕೂಟರಿನ ಮಗು ಮಾತ್ರ ಕಣ್ಣಿನಿಂದ ಹೋಗುವುದಿಲ್ಲ.

ಅಕ್ಟೋಬರ್ 16, ಗುರುವಾರ

ಕುಂಟಾರಿನಲ್ಲಿ ಒಂದು ನಾಮಕರಣ. ಬೆಳಿಗ್ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ರಂಜಿನಿ ಓಡಿಸಿದಳು.

ಅಕ್ಟೋಬರ್ 19, ಭಾನುವಾರ

ಕಾಸರಗೋಡಿಗೆ ಹೋಗಿದ್ದೆವು. ಪಂಚೆ ಹೊಸತು, ಗಂಜಿ ಹೆಚ್ಚಾಗಿ ಕಾಲು ಆಡುತ್ತಿರಲಿಲ್ಲ. ರಂಜಿನಿಯೇ ಓಡಿಸಿದಳು. ಇಳಿಜಾರಿನಲ್ಲಿ ಗೇರು ಯಾವುದು ಹಾಕಬೇಕೆಂದು ಈಗ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ.

ಎಡಗಡೆಯ ಕಿಟಕಿಯಿಂದ ಈ ರಸ್ತೆಯಲ್ಲಿ ಎಷ್ಟು ಮನೆಗಳು ಕಾಣುತ್ತವೆ. ಇಷ್ಟು ವರ್ಷ ಕಂಡದ್ದು ಡಾಂಬರು ಮಾತ್ರ.

ಅಕ್ಟೋಬರ್ 26, ಭಾನುವಾರ

ದೇಲಂಪಾಡಿಯ ಅದೇ ಮನೆ, ಬೈಕಿನ ಅಳಿಯನ ಮನೆ. ಸತ್ಯನಾರಾಯಣ ಪೂಜೆ. ಕಾಡಿನ ದಾರಿಯಲ್ಲಿ ಹೊಂಡ ನೋಡಿ ನೋಡಿ ನಿಧಾನವಾಗಿ ತಂದಳು ರಂಜಿನಿ. ಅಂಗಳದಲ್ಲಿ ಕಾರು ನಿಂತಾಗ ಯಜಮಾನರು ಬಲಗಡೆಯ ಬಾಗಿಲಿಗೆ ಬಂದು ಕೈ ಮುಗಿದರು. ಅಲ್ಲಿ ರಂಜಿನಿಯನ್ನು ಕಂಡು ಗಲಿಬಿಲಿಯಾದರು. ನಾನು ಎಡಗಡೆಯಿಂದ ಇಳಿದೆ.

"ಎಂತ ಭಟ್ರೆ, ಸೊಸೆಯನ್ನೇ ಡ್ರೈವರ್ ಮಾಡಿಬಿಟ್ರಾ?"

"ಕಾರು ಅವಳದ್ದು" ಎಂದೆ. "ನಾನು ಬಾಡಿಗೆಗೆ ಕೂತುಕೊಂಡು ಬಂದದ್ದು."

ಹಾಗೆ ಹೇಳಬೇಕೆಂದು ಹೊರಟದ್ದಲ್ಲ, ಬಾಯಿಗೆ ಬಂತು. ರಂಜಿನಿ ಡಿಕ್ಕಿಯಿಂದ ಪೂಜೆಯ ಸಾಮಾನು ತೆಗೆಯುತ್ತಿದ್ದಳು. ಸ್ವಲ್ಪ ಹೊತ್ತು ಡಿಕ್ಕಿಯಲ್ಲೇ ತಲೆ ಇಟ್ಟುಕೊಂಡಿದ್ದಳು.

ಮಂಡಲ ನಾನು ಬರೆದೆ. ನೂಲಿನ ಒಂದು ತುದಿ ಅವಳ ಕೈಯಲ್ಲಿತ್ತು. ತೀರ್ಥ ಕೊಡುವಾಗ ಕೈ ನಡುಗಿತು, ಇವತ್ತು ಮಣಿಕಟ್ಟು ಹಿಡಿದುಕೊಳ್ಳಲಿಲ್ಲ. ಜನ ಅಂಗೈ ಸ್ವಲ್ಪ ಅಗಲ ಮಾಡಿ ತೆಗೆದುಕೊಂಡರು, ಅಷ್ಟೆ.

ಬರುವಾಗ ಹೊಳೆಯ ಸೇತುವೆ ದಾಟಿ ಒಳ್ಳೆಯ ರಸ್ತೆ ಸಿಕ್ಕಿತು. ಅವಳು ವೇಗ ಕೊಟ್ಟಳು. ಮುಳ್ಳು ಐವತ್ತರ ಮೇಲೆ ಹೋಯಿತು.

"ಮಾವ, ಎಂತಾದ್ರೂ ನಡುಗ್ತದಾ?"

ನಾನು ಸೀಟಿಗೆ ಬೆನ್ನು ಒತ್ತಿ ನೋಡಿದೆ. ಗಣಪತಿಯನ್ನು ನೋಡಿದೆ. ಪೂಜೆಯ ಪ್ರಸಾದದ ಪೊಟ್ಟಣ ಹಿಡಿದಿದ್ದ ಕೈ ನೋಡಿದೆ.

"ನನ್ನ ಕೈ ನಡುಗ್ತದೆ" ಎಂದೆ.

"ಅದು ನನಗೆ ಗೊತ್ತುಂಟು ಮಾವ. ಕಾರಿನದ್ದು ಹೇಳಿ."

"ಕಾರಿನದ್ದು ಎಂತ ಇಲ್ಲ."

"ಹಾಗಾದ್ರೆ ಆಯ್ತು" ಎಂದು ಅವಳು ಗೇರು ಬದಲಿಸಿದಳು.